ಟ್ಯಾರೋ ಡೆಕ್ ಯಾವುದು ತಗೊಳ್ಳಲಿ? ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದ್ದು

ಮೊದಲ ಟ್ಯಾರೋ ಡೆಕ್ ಯಾವುದು ತಗೊಳ್ಳಲಿ ಅಂತ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ಟ್ಯಾರೋ ಅಂದರೆ ಭವಿಷ್ಯ ನೋಡಲು ಬಹಳ ಜನ ಬಳಸುವ ಚಿತ್ರದ ಎಲೆಗಳು, ಅವುಗಳ ಒಂದು ಕಟ್ಟೇ ಡೆಕ್. ಕೇಳುವ ಹೊತ್ತಿಗೆ ಅವರ ಮೊಬೈಲಿನಲ್ಲಿ ಅಂಚಿಗೆ ಚಿನ್ನದ ಬಣ್ಣ ಬಳಿದ, ಫಳಫಳ ಹೊಳೆಯುವ ಡೆಕ್ ಒಂದನ್ನು ಆಗಲೇ ಆರಿಸಿಟ್ಟಿರುತ್ತಾರೆ. ನನ್ನಿಂದ ಬೇಕಾಗಿರುವುದು ಒಂದು "ಹೂಂ" ಅಷ್ಟೇ. ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಅಂಗಡಿಯಲ್ಲಿ ಬೆಕ್ಕಿನ ಡೆಕ್, ಕಾಡುಪ್ರಾಣಿ ಡೆಕ್, ದೇವತೆಗಳ ಡೆಕ್ ಅಂತ ಏನೇ ಹೆಸರಿರಲಿ, ಅವು ಬಹುಪಾಲು ಮೂರು ಹಳೆಯ ಮನೆತನಗಳಲ್ಲಿ ಒಂದಕ್ಕೆ ಸೇರಿದವು: ರೈಡರ್ ವೇಟ್ ಸ್ಮಿತ್, ಥಾತ್, ಮಾರ್ಸೇಯ್. ಈ ಮೂರರಲ್ಲಿ ನಿಮಗೆ ಯಾವುದು ಹೊಂದುತ್ತದೆ ಅಂತ ಗೊತ್ತಾದರೆ ಉಳಿದದ್ದು ಬರೀ ಚಂದದ ಪ್ರಶ್ನೆ. ಹಾಗಾಗಿ ಮೂರನ್ನೂ ಬಳ್ಳಾರಿಯ ನಮ್ಮ ಮನೆಯ ಟೇಬಲ್ ಮೇಲೆ ಸಾಲಾಗಿ ಹರಡಿ, ಮನೆಗೆ ಬಂದವರ ಕೈಗೆಲ್ಲ ಕೊಟ್ಟು, ಏನಾಗುತ್ತದೆ ಅಂತ ನೋಡಿದೆ.

ಭವಿಷ್ಯ ಹೇಳುತ್ತಾ ಅಂತ ಕೇಳಬೇಡಿ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ, ಅದೂ ಆಡುವುದಕ್ಕೆ. ಫ್ರಾನ್ಸಿನಲ್ಲಿ ಇವತ್ತಿಗೂ ಅದು ನಾಲ್ಕು ಜನ ಕೂತು ಆಡುವ ಇಸ್ಪೀಟಾಟ. 1781ರಲ್ಲಿ ಕೂರ್ ದ ಜೆಬೆಲಾ ಎಂಬ ಫ್ರೆಂಚ್ ಪಾದ್ರಿ ಇದು ಪ್ರಾಚೀನ ಈಜಿಪ್ಟಿನ ಗುಪ್ತ ಜ್ಞಾನ ಅಂತ ಬರೆದರು. ಪುರಾವೆ ಏನೂ ಇರಲಿಲ್ಲ, ಆದರೂ ಡಬ್ಬಿಯ ಹಿಂದೆ ಈಜಿಪ್ಟ್ ಅಂತ ಅಚ್ಚು ಹಾಕುವುದು ಇನ್ನೂ ನಿಂತಿಲ್ಲ. ನನಗೆ ಇವು ಮಾತು ಶುರು ಮಾಡಿಸುವ ಚಿತ್ರಗಳು. ಯಾವ ಡೆಕ್ ಜನರ ಬಾಯಿ ಬಿಡಿಸುತ್ತದೆ ಅನ್ನುವುದೇ ನನ್ನ ಅಳತೆ.

ಇಸ್ಪೀಟ್ ಆಡಿದವರಿಗೆ ಲೆಕ್ಕ ಸುಲಭ. ಇಲ್ಲಿ ರಾಜ, ರಾಣಿ, ಗುಲಾಮನ ಜೊತೆಗೆ ಕುದುರೆ ಸವಾರನೂ ಒಬ್ಬ ಇದ್ದಾನೆ. ಹಾಗಾಗಿ ಕತ್ತಿ, ಬಟ್ಟಲು, ಕೋಲು, ನಾಣ್ಯ ಅನ್ನೋ ನಾಲ್ಕು ಗುಂಪಿಗೂ 14 ಎಲೆ, ಒಟ್ಟು 56. ಇದರ ಮೇಲೆ ಸೂರ್ಯ, ಚಂದ್ರ, ಸಾವು, ಗೋಪುರ ಅಂತ 22 ದೊಡ್ಡ ಕಾರ್ಡು. ಎಲ್ಲ ಸೇರಿ 78. ದೊಡ್ಡ ಕಾರ್ಡುಗಳು ಎಲ್ಲ ಡೆಕ್ಕಿನಲ್ಲೂ ಚೆನ್ನಾಗಿಯೇ ಇರುತ್ತವೆ, ಮಾರುವವರು ತೋರಿಸುವುದೂ ಅವನ್ನೇ. ಡೆಕ್ಕಿನ ನಿಜವಾದ ಗುಣ ತಿಳಿಯುವುದು ಸಣ್ಣ ಕಾರ್ಡುಗಳಲ್ಲಿ.

ಕತ್ತಿಗಳ ಆರನ್ನೇ ತಗೊಳ್ಳಿ. ಮಾರ್ಸೇಯ್ ಡೆಕ್ಕಿನಲ್ಲಿ ಬಾಗಿದ ಕತ್ತಿಗಳು ಎರಡೂ ಕಡೆಯಿಂದ ಬಂದು ಹೆಣೆದುಕೊಂಡಿವೆ, ನಡುವೆ ಒಂದು ಹೂವು. ಮನುಷ್ಯರ ಸುಳಿವಿಲ್ಲ. ಥಾತ್‌ನಲ್ಲಿ ಆರು ಕತ್ತಿಗಳ ಮೊನೆಗಳು ನಡುವಿನ ಗುಲಾಬಿ ಶಿಲುಬೆಗೆ ಬಂದು ಸೇರಿವೆ, ಹಿಂದೆ ಗೆರೆಗಳ ಜಾಲ, ಕೆಳಗೆ "ಸೈನ್ಸ್" ಅಂತ ಅಚ್ಚಾಗಿದೆ. ರೈಡರ್ ವೇಟ್‌ನಲ್ಲಿ ಒಂದು ದೋಣಿ. ಹಿಂದೆ ನಿಂತವನು ಗಳ ಹಾಕಿ ದೋಣಿ ನೂಕುತ್ತಿದ್ದಾನೆ. ಮುಂದೆ ಮೈತುಂಬ ಹೊದ್ದು, ಬೆನ್ನು ನಮ್ಮ ಕಡೆಗೆ ಮಾಡಿ ಕೂತ ಹೆಂಗಸು, ಪಕ್ಕದಲ್ಲಿ ಮಗು. ಆರು ಕತ್ತಿಗಳು ದೋಣಿಯ ತಳಕ್ಕೆ ನೆಟ್ಟು ನಿಂತಿವೆ. ಒಂದು ಬದಿ ನೀರು ಕಲಕಿದೆ, ಇನ್ನೊಂದು ಬದಿ ತಿಳಿಯಾಗಿದೆ.

ಕುಷ್ಟಗಿಯಿಂದ ಬಂದಿದ್ದ ನಮ್ಮ ಸೋದರತ್ತೆಗೆ ಮೂರನ್ನೂ ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಟ್ಯಾರೋ ಅಂದರೆ ಏನು ಅಂತಲೂ ಗೊತ್ತಿಲ್ಲ. ಮೊದಲೆರಡನ್ನು ಒಂದು ನೋಟ ನೋಡಿ ಪಕ್ಕಕ್ಕೆ ಸರಿಸಿದರು. ದೋಣಿಯದನ್ನು ಕೈಗೆ ತಗೊಂಡು, "ಇವ್ರು ಗುಳೆ ಹೊಂಟಾರವ್ವಾ. ನೋಡು, ಆಕಿ ಮುಖ ತೋರ್ಸವಲ್ಲಳು" ಅಂದರು. ಡೆಕ್ಕಿನ ಅರ್ಥ ಹೇಳುವ ಪುಸ್ತಕದಲ್ಲೂ ಇರುವುದು ಅದೇ: ಕಷ್ಟದ ದಡ ಬಿಟ್ಟು ಇನ್ನೊಂದು ದಡಕ್ಕೆ ಪ್ರಯಾಣ. ಆದರೆ ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ಆ ಕತ್ತಿಗಳನ್ನು ಯಾಕೆ ಜೊತೆಗೆ ಒಯ್ಯುತ್ತಿದ್ದಾರೆ, ಕಿತ್ತರೆ ದೋಣಿಗೆ ತೂತು ಬೀಳುತ್ತಲ್ಲ ಅಂತ ಶುರು ಮಾಡಿದವರು, ಬರ ಬಿದ್ದ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ತಮ್ಮ ಓಣಿಯವರ ವಿಷಯಕ್ಕೆ ಹೋಗಿ, ಅವರು ಊರಲ್ಲಿ ಬಿಟ್ಟುಹೋದ ಸಾಲ, ಅದು ಅಲ್ಲಿಗೂ ಬೆನ್ನು ಬಿಡದೆ ಬಂದದ್ದು, ಎಲ್ಲ ಹೇಳಿದರು. ನಾನು ಒಂದೇ ಒಂದು ಅರ್ಥ ಹೇಳಿಕೊಟ್ಟಿರಲಿಲ್ಲ.

ಈ ರೈಡರ್ ವೇಟ್ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಗುಪ್ತವಿದ್ಯೆಯ ಬಗ್ಗೆ ಬರೆಯುತ್ತಿದ್ದ ಎ. ಇ. ವೇಟ್ ಹೇಳಿದ ಯೋಜನೆಗೆ ಅವರು ಚಿತ್ರ ಹಾಕಿದರು, 1909ರ ಕೊನೆಗೆ ಲಂಡನ್ನಿನ ವಿಲಿಯಂ ರೈಡರ್ ಪ್ರಕಾಶನ ಹೊರತಂದಿತು. ಸಣ್ಣ ಕಾರ್ಡುಗಳಿಗೂ ಹೀಗೆ ದೃಶ್ಯ ಬರೆಯುವುದು ಅದಕ್ಕೂ ಮುಂಚೆ ತೀರಾ ಅಪರೂಪ. 15ನೇ ಶತಮಾನದ ಕೊನೆಯ ಸೋಲಾ ಬುಸ್ಕಾ ಅನ್ನೋ ಇಟಾಲಿಯನ್ ಡೆಕ್ಕಿನಲ್ಲಿ ಇತ್ತು. ಅದರ ಫೋಟೋಗಳು 1907ರ ಹೊತ್ತಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಿದ್ದವು. ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಕಾರ್ಡನ್ನು ಎರಡರಲ್ಲೂ ಹೋಲಿಸಿ ನೋಡಿ, ಪಮೇಲಾ ಎಲ್ಲಿಂದ ತಗೊಂಡರು ಅಂತ ಯಾರೂ ಹೇಳಬೇಕಾಗಿಲ್ಲ. ಅಷ್ಟೆಲ್ಲ ಬರೆದ ಮೇಲೆ ಅವರು ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಪತ್ರ ಹಾಕಿ, ದೊಡ್ಡ ಕೆಲಸ ಮುಗಿಸಿದೆ, ಕೈಗೆ ಬಂದ ದುಡ್ಡು ಮಾತ್ರ ತೀರಾ ಕಡಿಮೆ ಅಂತ ತೋಡಿಕೊಂಡಿದ್ದಾರೆ. ಡೆಕ್ಕಿನ ಹೆಸರಿನಲ್ಲಿ ಪ್ರಕಾಶಕರಿದ್ದರು, ವೇಟ್ ಇದ್ದರು, ಬರೆದವರು ಮಾತ್ರ ಎಷ್ಟೋ ಕಾಲ ಇರಲಿಲ್ಲ. ಹಾಗಾಗಿ ನಾನು ಸ್ಮಿತ್ ಅನ್ನೋದನ್ನು ಬಿಡದೆ ಹೇಳುತ್ತೇನೆ, ಜಾಗ ಸಾಲದಿದ್ದಾಗ ಬಿಟ್ಟು. ಕಾರ್ಡಿನ ಮೂಲೆಯಲ್ಲಿ ಹಾವು ಸುತ್ತಿಕೊಂಡ ಹಾಗೆ ಇರುವ ಸಣ್ಣ ಗುರುತು ಅವರ ಸಹಿ. ಹುಡುಕಿ ನೋಡಿ.

ಇದರಲ್ಲೂ ಎರಡು ಮುದ್ರಣ ನನ್ನ ಹತ್ತಿರ ಇವೆ. ಹಳದಿ ಡಬ್ಬಿಯದು ಎಲ್ಲೆಡೆ ಸಿಗುತ್ತದೆ. ಅದರ ಹಳದಿ ಹಳದಿ ಆಕಾಶ ನನಗೆ ಕಣ್ಣಿಗೆ ಹೊಡೆಯುತ್ತದೆ, ಟ್ಯೂಬ್‌ಲೈಟ್ ಕೆಳಗೆ ಇನ್ನೂ ಜಾಸ್ತಿ. ನೂರು ವರ್ಷ ತುಂಬಿದ್ದಕ್ಕೆ 2009ರಲ್ಲಿ ಬಂದ ಸ್ಮಿತ್ ವೇಟ್ ಶತಮಾನೋತ್ಸವದ ಮುದ್ರಣದಲ್ಲಿ ಬಣ್ಣಗಳು ತಣ್ಣಗಿವೆ, ಗೆರೆಗಳು ಮೃದುವಾಗಿವೆ. ಮುಖದ ಭಾವ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಅದನ್ನೇ ತಗೊಳ್ಳಿ ಅನ್ನುತ್ತೇನೆ. ನಮ್ಮ ತಂಗಿ ಒಪ್ಪುವುದಿಲ್ಲ. ಅವಳಿಗೆ ಅದು ಒಗೆದೂ ಒಗೆದೂ ಬಣ್ಣ ಹೋದ ಹಾಗೆ ಕಾಣುತ್ತದಂತೆ.

ಇನ್ನು ಥಾತ್. ನೋಡುವುದಕ್ಕೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ಇಂಗ್ಲೆಂಡಿನ ಗುಪ್ತವಿದ್ಯೆಯ ಬರಹಗಾರ ಅಲಿಸ್ಟರ್ ಕ್ರೌಲಿ ಹೇಳಿದಂತೆ ಲೇಡಿ ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಜಲವರ್ಣದಲ್ಲಿ ಬರೆದ ಚಿತ್ರಗಳು. 1944ರಲ್ಲಿ ಕ್ರೌಲಿ ಅದರ ಪುಸ್ತಕವನ್ನು ಬರೀ 200 ಪ್ರತಿ ಅಚ್ಚು ಹಾಕಿಸಿದರು. ಡೆಕ್ ಸರಿಯಾಗಿ ಜನರ ಕೈಗೆ ಬಂದದ್ದು 1969ರಲ್ಲಿ. ಅಷ್ಟರಲ್ಲಿ ಕ್ರೌಲಿ 1947ರಲ್ಲಿ, ಹ್ಯಾರಿಸ್ 1962ರಲ್ಲಿ ತೀರಿಕೊಂಡಿದ್ದರು. ಒಂದೊಂದು ಕಾರ್ಡಿನಲ್ಲೂ ಬೆಳಕು ಮಡಿಕೆ ಬಿದ್ದ ಹಾಗೆ ಕಾಣುವ ಗೆರೆಗಳಿವೆ. ಪ್ರೊಜೆಕ್ಟಿವ್ ಜ್ಯಾಮಿತಿ (ನೋಡುವ ಕೋನ ಬದಲಾದರೆ ಆಕಾರ ಹೇಗೆ ಕಾಣುತ್ತದೆ ಅನ್ನುವ ಗಣಿತ) ಕಲಿತು ಅದನ್ನು ಬಣ್ಣಕ್ಕೆ ತಂದವರು ಹ್ಯಾರಿಸ್. ಬಟ್ಟಲುಗಳ ಗುಂಪನ್ನು ಸುಮ್ನೆ ಹರಡಿಕೊಂಡು ಕೂತರೆ ಸಾಕು, ಮಧ್ಯಾಹ್ನ ಕಳೆದುಹೋಗುತ್ತದೆ.

ಆದರೆ ಇನ್ನೊಬ್ಬರ ಮುಂದೆ ಇಡುವಾಗ ತೊಂದರೆ. ಸಣ್ಣ ಕಾರ್ಡುಗಳ ಕೆಳಗೆ ಕ್ರೌಲಿ ಒಂದೊಂದು ಹೆಸರು ಅಚ್ಚು ಹಾಕಿಸಿದ್ದಾರೆ: ಕ್ರೂರತೆ, ನಾಶ, ದುಃಖ, ಎಲ್ಲ ಇಂಗ್ಲಿಷಿನಲ್ಲಿ, ದಪ್ಪಕ್ಷರದಲ್ಲಿ. ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದ ಗೆಳತಿ ಒಬ್ಬಳು ತಮಾಷೆಗೆ ಒಂದು ಕಾರ್ಡ್ ಎಳೆದಳು. ಬಂದದ್ದು ನಾಣ್ಯಗಳ ಏಳು. ಕೆಳಗೆ "ಫೇಲ್ಯೂರ್". ಮುಗೀತು. ಆಮೇಲೆ ನಾನು ಎಷ್ಟು ಹೇಳಿದರೂ ಅವಳ ಕಣ್ಣು ಆ ಒಂದು ಶಬ್ದದಿಂದ ಕದಲಲಿಲ್ಲ. ಅದೇ ಎಲೆಯನ್ನು ರೈಡರ್ ವೇಟ್‌ನಿಂದ ತೆಗೆದು ಪಕ್ಕಕ್ಕೆ ಇಟ್ಟೆ. ಅಲ್ಲಿ ಒಬ್ಬ ಯುವಕ ಸಲಿಕೆಯ ಮೇಲೆ ಗದ್ದ ಊರಿಕೊಂಡು, ಬಳ್ಳಿಗೆ ಹಿಡಿದ ಏಳು ನಾಣ್ಯಗಳನ್ನು ನೋಡುತ್ತಾ ನಿಂತಿದ್ದಾನೆ. ಬೆಳೆ ಬಂದಿದೆ, ಕೊಯ್ಯಬೇಕೋ ಇನ್ನೂ ಕಾಯಬೇಕೋ ಗೊತ್ತಿಲ್ಲ. ಮೆಣಸಿನಕಾಯಿ ಒಣಗಿಸಿ ರೇಟಿಗೆ ಕಾಯುವ ಮನೆಯ ಹುಡುಗಿ ಅವಳು. "ನಮ್ಮಪ್ಪ ಹಿಂಗ ನಿಂತಿರ್ತಾನ" ಅಂದಳು. ಒಂದೇ ಎಲೆ, ಒಂದರಲ್ಲಿ ತೀರ್ಪು, ಇನ್ನೊಂದರಲ್ಲಿ ಕಾಯುವ ಮನುಷ್ಯ. ನನ್ನ ಮಟ್ಟಿಗೆ ಥಾತ್ ಅಲ್ಲೇ ಸೋತಿತು. ಒಬ್ಬರೇ ಕೂತು ನೋಡುವಾಗ ಅದೇ ಗೆಲ್ಲುತ್ತದೆ, ಅದು ಬೇರೆ ಮಾತು.

ಕಲಿಯುವವರಿಗೆ ಇನ್ನೊಂದು ತೊಡಕಿದೆ. ಥಾತ್‌ನಲ್ಲಿ ರಾಜನೇ ಇಲ್ಲ. ಸವಾರ, ರಾಣಿ, ರಾಜಕುಮಾರ, ರಾಜಕುಮಾರಿ. ದೊಡ್ಡ ಕಾರ್ಡುಗಳ ನಂಬರಿನಲ್ಲೂ ಗೊಂದಲ: ಮಾರ್ಸೇಯ್‌ನಲ್ಲಿ 8 ಅಂದರೆ ನ್ಯಾಯ, 11 ಅಂದರೆ ಶಕ್ತಿ. ವೇಟ್ ಅದನ್ನು ಅದಲುಬದಲು ಮಾಡಿದರು. ಕ್ರೌಲಿ ವಾಪಸ್ ಹಳೆ ಜಾಗಕ್ಕೆ ತಂದರು, ಆದರೆ ಹೆಸರು ಬದಲಿಸಿದರು. ಒಂದು ಡೆಕ್ಕಿನ ಪುಸ್ತಕ ಹಿಡಿದು ಇನ್ನೊಂದು ಓದಲು ಹೋದರೆ ತಲೆ ಕೆಡುವುದು ಗ್ಯಾರಂಟಿ.

ಮಾರ್ಸೇಯ್ ಬಗ್ಗೆ ಬಹಳ ಜನ ಬೋರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಂಪು, ನೀಲಿ, ಹಳದಿ, ದಪ್ಪ ಕಪ್ಪು ಗೆರೆ, ಮುಚ್ಚುಮರೆ ಇಲ್ಲ. ನಾಲ್ಕು ಅಂತ ಬರೆಯುವುದಕ್ಕೆ ಸೀದಾ ನಾಲ್ಕು ಕಡ್ಡಿ ಗೀಚಿದ್ದಾರೆ. 13ನೇ ಕಾರ್ಡಿಗೆ ಹೆಸರಿಲ್ಲ, ಬರೀ ಅಸ್ಥಿಪಂಜರ ಕುಡುಗೋಲು ಬೀಸುತ್ತಿದೆ. ಹುಚ್ಚನಿಗೆ ಹೆಸರಿದೆ, ನಂಬರಿಲ್ಲ. ಇವತ್ತು ಸಿಗುವ ಹೆಚ್ಚಿನವು 1760ರ ನಿಕೊಲಾ ಕೊನ್ವೇರ್ ಡೆಕ್ಕನ್ನೋ, ಗ್ರಿಮೋ ಕಂಪನಿ 1930ರಲ್ಲಿ ಹೊರತಂದದ್ದನ್ನೋ ಅನುಸರಿಸಿದವು. ಮೂರರಲ್ಲಿ ಇದನ್ನು ಕೈಗೆತ್ತಿಕೊಂಡು ಬಿಡದೇ ಇದ್ದವರು ಒಬ್ಬರೇ, ರಮ್ಮಿ ಆಡುವ ನಮ್ಮ ಮಾಮ. ಅವರಿಗೆ ಬೇರೆ ಎರಡೂ ಕ್ಯಾಲೆಂಡರ್ ಚಿತ್ರಗಳು. ಇದು ಮಾತ್ರ ಇಸ್ಪೀಟು.

ಓದುವುದು ಹೇಗೆ ಅಂದರೆ, ಹಡಗಲಿ ತಾಲೂಕಿನ ಮೈಲಾರದ ಕಾರಣಿಕ ನೆನಪು ಮಾಡಿಕೊಳ್ಳಿ. ಗೊರವಯ್ಯ ಬಿಲ್ಲು ಏರಿ ಒಂದೇ ಒಂದು ಸಾಲು ನುಡಿಯುತ್ತಾರೆ, ಆಮೇಲೆ ಅದು ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಅಂತ ಕಟ್ಟೆ ಕಟ್ಟೆಯಲ್ಲೂ ವಾದ. ಮಾರ್ಸೇಯ್ ಕೊಡುವುದೂ ಅಷ್ಟೇ, ಒಂದು ಅಂಕಿ, ಒಂದು ಗುಂಪು. ಬಟ್ಟಲು ಅಂದರೆ ಮನಸ್ಸು, ಮೂರು ಅಂದರೆ ಬೆಳೆಯುವುದು, ಉಳಿದದ್ದು ನೀವೇ ಕಟ್ಟಬೇಕು. ಮಾತುಗಾರರ ಕೈಯಲ್ಲಿ ಇದು ಚೆನ್ನಾಗಿ ಓಡುತ್ತದೆ. ಹೊಸಬರಿಗೆ ಕಷ್ಟ.

ಈಗ ಕೈಗೆ ಹೇಗೆ, ಊರಿಗೆ ಹೇಗೆ ಅನ್ನೋದು. ಹೊರಗಿನವರು ಬರೆದ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಫ್ಯಾನ್ ಇಲ್ಲದೆ ಕೂರಲು ಆಗುವುದಿಲ್ಲ, ಫ್ಯಾನ್ ಹಾಕಿದರೆ ಕಾರ್ಡು ಹಾರುತ್ತವೆ. ತೆಳು ಕಾಗದದ ಡೆಕ್ ಅಂದರೆ ಇಟ್ಟ ಎಲೆಯ ಮೇಲೆಲ್ಲ ಬಳೆ, ಬೀಗದ ಕೈ, ಚಹಾ ಲೋಟ ಇಡಬೇಕು. ಹೊಳಪಿನ ಲೇಪ ಇರುವವು ಬೆವರು ಕೈಗೆ ಅಂಟುತ್ತವೆ, ಎರಡೆರಡು ಒಟ್ಟಿಗೆ ಬರುತ್ತವೆ. ನನ್ನ ಮೂರರಲ್ಲಿ ಸ್ವಲ್ಪ ಮಂದ ಲೇಪ ಇರುವ ಶತಮಾನೋತ್ಸವದ ಡೆಕ್ ಬೇಸಿಗೆಗೆ ಚೆನ್ನಾಗಿ ತಡೆದಿದೆ. ಮಾರ್ಸೇಯ್ ಗಟ್ಟಿ ಕಾಗದ, ಹಾರುವುದಿಲ್ಲ, ಆದರೆ ಮಳೆಗಾಲದಲ್ಲಿ ಬಾಗುತ್ತದೆ. ರಾತ್ರಿ ಮೇಲೆ ದಪ್ಪ ನಿಘಂಟು ಹೇರಿಟ್ಟರೆ ಸರಿಹೋಗುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರ ಮನೆ ಇದ್ದರೆ ಬಿಳಿ ಅಂಚು ಕೆಂಪಾಗುವುದು ಗ್ಯಾರಂಟಿ.

ಸೈಜೂ ಮುಖ್ಯ. ರಮ್ಮಿ ಎಲೆ ಸುಮಾರು 63×88 ಮಿಲಿಮೀಟರ್, ರೈಡರ್ ವೇಟ್ ಸುಮಾರು 70×120. ಉದ್ದ ಜಾಸ್ತಿ, ಹಾಗಾಗಿ ಮಾಮ ಕಲೆಸುವ ಹಾಗೆ ಫರ್ ಅಂತ ಕಲೆಸಲು ಹೋದರೆ ಅಂಚು ಮುರಿಯುತ್ತದೆ. ಥಾತ್‌ನ ದೊಡ್ಡ ಸೈಜಂತೂ ನನ್ನ ಕೈಗೆ ಹಿಡಿಸುವುದೇ ಇಲ್ಲ, ಟೇಬಲ್ ಮೇಲೆ ಹರಡಿ ಎರಡೂ ಕೈಯಲ್ಲಿ ಕಲಸಬೇಕು. ರೇಷ್ಮೆ ಚೀಲದಲ್ಲೇ ಇಡಬೇಕು ಅಂತ ಒಂದು ನಂಬಿಕೆ ಇದೆ. ನಾನು ಓಣಿಯ ಟೈಲರ್ ಹತ್ತಿರ ಉಳಿದ ಜೀನ್ಸ್ ತುಂಡಿನಲ್ಲಿ ಹೊಲಿಸಿಕೊಂಡಿದ್ದೇನೆ, ಜೀನ್ಸಿಗೆ ಬಳ್ಳಾರಿಯಲ್ಲಿ ಬರವೇ? ಧೂಳು ಒಳಗೆ ಹೋಗುವುದಿಲ್ಲ. ಒಂದೇ ಮಾತು, ಹೊಲಿಸುವ ಮುಂಚೆ ಬಟ್ಟೆ ಚೆನ್ನಾಗಿ ಒಗೆಯಿರಿ, ಹೊಸ ಜೀನ್ಸು ನೀಲಿ ಬಿಡುತ್ತದೆ. ಮಿರ್ಚಿ, ಮಂಡಕ್ಕಿ ತಿನ್ನುತ್ತಾ ಕಾರ್ಡು ಮುಟ್ಟುವವರನ್ನು ನಾನು ಮನೆಯಿಂದ ಹೊರಗೆ ಹಾಕುತ್ತೇನೆ.

ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವವು ಬಹುತೇಕ ನಕಲು. ನನ್ನ ಕೈಗೂ ಒಂದು ಬಂತು: ಸೈಜು ಚಿಕ್ಕದು, ಪುಸ್ತಕದ ಬದಲು ಕ್ಯೂಆರ್ ಕೋಡ್, ದೋಣಿಯ ನೀರಿನ ಗೆರೆಗಳೆಲ್ಲ ಕಲೆಸಿ ಒಂದೇ ನೀಲಿ ಮುದ್ದೆ. ಪಮೇಲಾ ತೀರಿಕೊಂಡದ್ದು 1951ರಲ್ಲಿ. ನಮ್ಮ ದೇಶದಲ್ಲಿ ಕಲಾವಿದರು ಹೋದ ಮೇಲೆ ಹಕ್ಕು ಇರುವುದು 60 ವರ್ಷ, ಹಾಗಾಗಿ 1909ರ ಆ ಚಿತ್ರಗಳನ್ನು ಅಚ್ಚು ಹಾಕುವುದೇ ತಪ್ಪು ಅನ್ನಲು ಬರುವುದಿಲ್ಲ. ಆದರೆ ಇವತ್ತು ಬದುಕಿರುವ ಕಲಾವಿದರ ಡೆಕ್ಕುಗಳನ್ನೂ ಇದೇ ರೀತಿ ಸ್ಕ್ಯಾನ್ ಮಾಡಿ ಮಾರುತ್ತಾರೆ. ಅದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ.

ಹಾಗಾದರೆ ಯಾವುದು? ನಾಲ್ಕು ಜನರ ಜೊತೆ ಕೂತು ನೋಡುವುದಾದರೆ ಶತಮಾನೋತ್ಸವದ ಸ್ಮಿತ್ ವೇಟ್, ಯೋಚನೆ ಮಾಡಬೇಡಿ. ಇಸ್ಪೀಟಿನ ಹುಚ್ಚು ಇದ್ದರೆ, ಅಥವಾ ಒಂದು ಡೆಕ್ ಆಗಲೇ ಕೈಗೆ ಪಳಗಿದ್ದರೆ ಮಾರ್ಸೇಯ್. ಥಾತ್ ಬೇಕೇ ಬೇಕು ಅನ್ನುವವರು ಓದುವುದಕ್ಕಾದರೆ ಸಣ್ಣ ಸೈಜು ತಗೊಳ್ಳಿ, ನೋಡುವುದಕ್ಕಾದರೆ ದೊಡ್ಡದು. ಬಂದ ದಿನವೇ ಎಣಿಸಿಬಿಡಿ. ಥಾತ್‌ನ ಕೆಲವು ಮುದ್ರಣಗಳಲ್ಲಿ ಮಾಂತ್ರಿಕನ ಕಾರ್ಡು ಮೂರು ಇರುತ್ತವೆ, ಒಟ್ಟು 80 ಆಗುತ್ತದೆ. ಅದು ತಪ್ಪಲ್ಲ, ವಾಪಸ್ ಕಳಿಸಬೇಡಿ. 77 ಇದ್ದರೆ ಕಳಿಸಿ.