900 ರೂಪಾಯಿಗೆ ‘ಪ್ಯೂರ್ ಮೈಸೂರು ಸಿಲ್ಕ್’: ಪೊಟ್ಟಣದಲ್ಲಿ ಬರುವುದೇನು?

ಶಾಪಿಂಗ್ ಆ್ಯಪ್‌ಗಳಲ್ಲಿ ‘ಮೈಸೂರು ಸಿಲ್ಕ್’ ಅಂತ ಹುಡುಕಿದರೆ ಸಾವಿರದ ಆಸುಪಾಸಿನ ಸೀರೆಗಳು ಸಾಲುಗಟ್ಟುತ್ತವೆ. ಐದಾರು ಸಾವಿರದ ಎಂಆರ್‌ಪಿಗೆ ಗೀಟು ಎಳೆದು ಪಕ್ಕದಲ್ಲಿ 900 ಅಂತ ಹಾಕಿರುತ್ತಾರೆ. ಈ ಬೆಲೆಗೆ ರೇಷ್ಮೆ ಕೊಡಲು ಯಾರಿಂದಲೂ ಆಗುವುದಿಲ್ಲ. ಕಚ್ಚಾ ರೇಷ್ಮೆ ನೂಲಿನಲ್ಲಿ ಹೆಚ್ಚುಕಡಿಮೆ ಕಾಲುಭಾಗ ಗೋಂದೇ ಇರುತ್ತದೆ. ಬೇಯಿಸುವಾಗ ಅದು ಕರಗಿಹೋಗುತ್ತದೆ. ಮೈಸೂರು ಸಿಲ್ಕ್ ಅಂದರೆ ಕ್ರೇಪ್, ಬಿಗಿಯಾಗಿ ಹುರಿ ಹಾಕಿದ ನೂಲಿನ ಬಟ್ಟೆ. ಹಾಗಾಗಿ 450 ಗ್ರಾಂ ತೂಗುವ ಕ್ರೇಪ್ ಸೀರೆಗೆ ಸುಮಾರು 600 ಗ್ರಾಂ ಕಚ್ಚಾ ನೂಲು ಬೇಕು. ಕಿಲೋಗೆ ಮೂರು ಸಾವಿರ ಅಂತ ಕಡಿಮೆಯಲ್ಲೇ ಹಿಡಿದರೂ ನೂಲಿಗೇ 1,800 ರೂಪಾಯಿ. ಹುರಿ, ನೇಯ್ಗೆ, ಬಣ್ಣ, ಜರಿ, ಆ್ಯಪ್‌ನ ಕಮಿಷನ್, ಕೊರಿಯರ್ ಇವೆಲ್ಲ ಅದರ ಮೇಲೆ.

ಪೊಟ್ಟಣದಲ್ಲಿ ಬರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ಕ್ರೇಪ್, ಇಲ್ಲವೇ ವಿಸ್ಕೋಸ್ (ಮರದ ತಿರುಳಿನಿಂದ ತಯಾರಿಸುವ ನೂಲು) ಬೆರೆಸಿದ ಬಟ್ಟೆ. ಶೀರ್ಷಿಕೆಯಲ್ಲಿ ‘ಪ್ಯೂರ್’ ಅಂತ ದೊಡ್ಡದಾಗಿ ಬರೆದು, ಕೆಳಗೆ ವಿವರದಲ್ಲಿ ‘ಆರ್ಟ್ ಸಿಲ್ಕ್’ ಅಥವಾ ‘ಸಿಲ್ಕ್ ಬ್ಲೆಂಡ್’ ಅಂತ ಸೇರಿಸಿರುತ್ತಾರೆ. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ. ಕಲೆಗೂ ಅದಕ್ಕೂ ಸಂಬಂಧವಿಲ್ಲ. ದೂರು ಬಂದ ದಿನ ಮಾರಾಟಗಾರ ಆ ಸಣ್ಣ ಸಾಲನ್ನೇ ತೋರಿಸುತ್ತಾನೆ. ಫೋಟೊ ಮಾತ್ರ ಅಸಲಿ ಸೀರೆಯದ್ದು, ಯಾರದೋ ಅಂಗಡಿಯಿಂದ ಎತ್ತಿದ್ದು.

ನಕ್ಷತ್ರಗಳನ್ನು ನಂಬಿ ಹೋಗಬೇಡಿ. ಹಳೆಯ ಯಾವುದೋ ಸರಕಿಗೆ ಬಿದ್ದ ಒಳ್ಳೆಯ ಅಂಕಗಳನ್ನು ಹಾಗೇ ಉಳಿಸಿಕೊಂಡು ಸರಕನ್ನಷ್ಟೇ ಬದಲಿಸುವವರಿದ್ದಾರೆ. ಸೀರೆಯ ಪುಟದಲ್ಲಿ ‘ಕುರ್ತಾ ಸೈಜ್ ಸರಿಯಾಗಿದೆ’ ಎಂಬ ಅಭಿಪ್ರಾಯ ಕಂಡರೆ ಕಾರಣ ಅದೇ. ಹೊಸದು ಮೊದಲು ಬರುವಂತೆ ಜೋಡಿಸಿ, ಗಿರಾಕಿಗಳು ತೆಗೆದ ಫೋಟೊಗಳನ್ನಷ್ಟೇ ನೋಡಿ. ಐದು ಸ್ಟಾರ್ ಕೊಟ್ಟರೆ 50 ರೂಪಾಯಿ ವಾಪಸ್ ಎನ್ನುವ ಚೀಟಿ ಪೊಟ್ಟಣದೊಳಗೆ ಸಿಕ್ಕರೆ ಎಸೆಯದೆ ಫೋಟೊ ತೆಗೆದಿಡಿ.

ಸೀರೆ ಕೈಗೆ ಬಂದ ಮೇಲೆ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಪೊಟ್ಟಣ ಬಿಚ್ಚುವಾಗ ಲೇಬಲ್ ಕಾಣುವಂತೆ ವಿಡಿಯೊ ಮಾಡಿ. ಅಂಚಿನ ಬಿಡಿ ಎಳೆಗಳಿಂದ ಹಾಸಿನದೊಂದು (ಉದ್ದಕ್ಕೆ ಹೋಗುವ ಎಳೆ), ಹೊಕ್ಕಿನದೊಂದು (ಅಡ್ಡ ಎಳೆ) ನೂಲು ಬೇರೆಬೇರೆಯಾಗಿ ಎಳೆದುಕೊಳ್ಳಿ. ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳೂ ಇವೆ. ಸೀರೆಯಿಂದ ದೂರ, ಸ್ಟೀಲ್ ತಟ್ಟೆಯ ಮೇಲೆ, ಚಿಮಟದಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಹೊಸಕಿದರೆ ಪುಡಿ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಸಾಸಿವೆಯಂಥ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್‌ಗೆ ಕಾಗದ ಸುಟ್ಟ ವಾಸನೆ. ಜರಿಯ ಎಳೆ ಬಿಸಿ ತಾಗಿದೊಡನೆ ಸುರುಟಿ ಕರಗಿದರೆ ಅದು ಪ್ಲಾಸ್ಟಿಕ್. ಉದ್ದವನ್ನೂ ಅಳೆಯಿರಿ: ಬ್ಲೌಸ್ ಸೇರಿ 6.3 ಮೀಟರ್ ಅಂತ ಬರೆದು 5.5 ಮೀಟರ್ ಕಳಿಸಿ, ಬ್ಲೌಸನ್ನು ಸೀರೆಯಿಂದಲೇ ಕತ್ತರಿಸಿಕೊಳ್ಳಿ ಎನ್ನುವವರೂ ಇದ್ದಾರೆ. ಇದೆಲ್ಲ ಮುಗಿಯುವವರೆಗೆ ಫಾಲ್ ಹಾಕಿಸಬೇಡಿ, ಟ್ಯಾಗ್ ಕೀಳಬೇಡಿ.

ಎಂಟು–ಹತ್ತು ಸಾವಿರದ ಸೀರೆಗಳದ್ದು ಬೇರೆ ಕಥೆ. ನೂಲು ನಿಜವಾದ ರೇಷ್ಮೆಯೇ ಇರಬಹುದು, ಹೆಸರು ಸುಳ್ಳು. ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತು (ಜಿಐ), ಅಂದರೆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ನೋಂದಣಿ ಇದೆ. ಅದು ಇರುವುದು ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿ. 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯನ್ನು ಇಂದು ನಡೆಸುತ್ತಿರುವುದೂ ಅದೇ. ಅದರ ಪ್ರತಿ ಸೀರೆಯಲ್ಲೂ ಕಸೂತಿ ಮಾಡಿದ ಸಂಕೇತ ಸಂಖ್ಯೆ, ಜೊತೆಗೆ ಹೊಲೊಗ್ರಾಮ್ ಇರುತ್ತದೆ. ಇವು ಇಲ್ಲದ್ದನ್ನು ಒಳ್ಳೆಯ ಕ್ರೇಪ್ ಅಂತ ಮಾರಲಿ, ತಪ್ಪೇನಿಲ್ಲ; ಮೈಸೂರು ಸಿಲ್ಕ್ ಅಂತ ಮಾರುವುದು ಆ ನೇಕಾರರ ಹೆಸರನ್ನು ಕದ್ದಂತೆ. ಸಿಲ್ಕ್ ಮಾರ್ಕ್ ಲೇಬಲ್ ಹೇಳುವುದು ನೂಲು ಶುದ್ಧ ರೇಷ್ಮೆ ಎಂದಷ್ಟೇ, ಎಲ್ಲಿ ನೇಯ್ದದ್ದು ಅಂತಲ್ಲ. ಇದನ್ನು ಬೆರೆಸಿ ಹೇಳುವ ಮಾರಾಟಗಾರರು ಬಹಳ.

ವಾಪಸ್ ಕೇಳಿದರೆ ‘200 ಕೊಡುತ್ತೇವೆ, ಸೀರೆ ಇಟ್ಟುಕೊಳ್ಳಿ’ ಎಂಬ ಮೆಸೇಜ್ ಬರುತ್ತದೆ. ಒಪ್ಪಬೇಡಿ, ಒಪ್ಪಿದರೆ ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು. ಗಿರಾಕಿಯ ವೇಷದಲ್ಲಿ ತಾನೇ ಅಭಿಪ್ರಾಯ ಬರೆಯುವಂತೆಯೂ ಇಲ್ಲ. ದೂರು ತಲುಪಿತೆಂದು ಆ್ಯಪ್‌ನ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಂತರದ ದಾರಿ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಐದು ಲಕ್ಷದವರೆಗಿನ ಸರಕಿಗೆ ಶುಲ್ಕವಿಲ್ಲ. ಆರ್ಡರ್ ಮಾಡಿದ ದಿನವೇ ಪುಟದ ಶೀರ್ಷಿಕೆ, ವಿವರ, ಮಾರಾಟಗಾರನ ಹೆಸರು–ವಿಳಾಸದ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಹೋದ ಮೇಲೆ ಮೊದಲು ಬದಲಾಗುವುದು ಆ ಪುಟವೇ.