ಟ್ರಂಕ್ ಆಯ್ಕೆ: ಡೀಫಾಲ್ಟ್‌ಗೆ ಬಿಡುವುದೋ, ಬರೆದಿಡುವುದೋ?

ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಸ್9(4) ಕಾಂಪ್ ಎಂದು, ಅಂದರೆ ನಾಲ್ಕಂಕಿಯ ಬೈನರಿ ಸಂಖ್ಯೆಯೆಂದು, ಘೋಷಿಸಿದ ಫೀಲ್ಡ್ ಎರಡು ಬೈಟ್‌ಗಳದ್ದು. ಅದರಲ್ಲಿ 32,767ರವರೆಗಿನ ಸಂಖ್ಯೆ ಹಿಡಿಸುತ್ತದೆ, ಘೋಷಣೆ ಹೇಳುವುದು ಮಾತ್ರ ನಾಲ್ಕೇ ಅಂಕಿ. ಸೋರ್ಸನ್ನು ಯಂತ್ರದ ಸೂಚನೆಗಳಾಗಿ ಮಾರ್ಪಡಿಸುವ ಐಬಿಎಂ ಕಂಪೈಲರ್‌ನಲ್ಲಿ ಇವೆರಡರಲ್ಲಿ ಯಾವುದು ಗೆಲ್ಲಬೇಕೆಂದು ತೀರ್ಮಾನಿಸುವುದು ಟ್ರಂಕ್ ಎಂಬ ಆಯ್ಕೆ; ಅದನ್ನು ಎಸ್‌ಟಿಡಿ, ಬಿನ್, ಆಪ್ಟ್ ಎಂಬ ಮೂರರಲ್ಲಿ ಒಂದಕ್ಕೆ ಇಡಬಹುದು. ನಾನು ನೋಡಿಕೊಳ್ಳುತ್ತಿದ್ದ ದಾಸ್ತಾನಿನ ಪ್ರೋಗ್ರಾಮೊಂದನ್ನು ಹೊಸ ಯಂತ್ರದಲ್ಲಿ ಮತ್ತೆ ಕಂಪೈಲ್ ಮಾಡಿದಾಗ, 12,345 ಇರಬೇಕಾದಲ್ಲಿ 2,345 ಬಂತು. ಸೋರ್ಸ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ರಿಟರ್ನ್ ಕೋಡ್ ಸೊನ್ನೆಯೇ ಇತ್ತು, ಅಂದರೆ ಯಾವ ದೋಷವೂ ವರದಿಯಾಗಿರಲಿಲ್ಲ. ಹಳೆಯ ಯಂತ್ರದಲ್ಲಿ ಯಾರೋ ಡೀಫಾಲ್ಟನ್ನು ಬಿನ್ ಎಂದು ಬದಲಿಸಿಟ್ಟಿದ್ದರು, ಹೊಸದರಲ್ಲಿ ಕಂಪೈಲರ್‌ನ ಮೂಲ ಡೀಫಾಲ್ಟ್ ಆದ ಎಸ್‌ಟಿಡಿ ಹಾಗೇ ಉಳಿದಿತ್ತು. ತಪ್ಪು ನಡೆದದ್ದು ಮೌಲ್ಯವನ್ನು ನಕಲಿಸುವ ಮೂವ್ ಹೇಳಿಕೆಯಲ್ಲಿ. ಅದಕ್ಕೆ, ಸಂಖ್ಯೆ ಹಿಡಿಸದಿದ್ದಾಗ ತಿಳಿಸುವ ಆನ್ ಸೈಜ್ ಎರರ್ ಸೇರಿಸುವ ಅವಕಾಶವೇ ಇಲ್ಲವಾದ್ದರಿಂದ ಎಚ್ಚರಿಕೆ ಬರುವ ದಾರಿಯೂ ಇರಲಿಲ್ಲ.

ಅನಂತರ ಅದೇ ಪ್ರೋಗ್ರಾಮನ್ನು ಮೂರೂ ಆಯ್ಕೆಗಳಲ್ಲಿ ಪರೀಕ್ಷಿಸಿದೆ. ಎಸ್‌ಟಿಡಿ ಘೋಷಣೆಗೆ ತಕ್ಕಂತೆ ಹೆಚ್ಚಿನ ಅಂಕಿಯನ್ನು ಕತ್ತರಿಸುತ್ತದೆ, ಬಿನ್ ಪೂರ್ತಿ ಸಂಖ್ಯೆಯನ್ನು ಉಳಿಸುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆಪ್ಟ್: ದತ್ತಾಂಶ ಘೋಷಣೆಯನ್ನು ಮೀರುವುದಿಲ್ಲವೆಂದು ನಂಬಿ, ವೇಗಕ್ಕೆ ಅನುಕೂಲವಾದ ಸೂಚನೆಗಳನ್ನು ಅದು ತಾನೇ ಆರಿಸಿಕೊಳ್ಳುವುದರಿಂದ, ನಂಬಿಕೆ ಸುಳ್ಳಾದಾಗ ಅಂಕಿ ಉಳಿಯುತ್ತದೋ ಇಲ್ಲವೋ ಎಂದು ಸೋರ್ಸ್ ಓದಿ ಹೇಳಲಾಗದು.

ಆಯ್ಕೆಯನ್ನು ಎಲ್ಲಿ ಬರೆಯಬೇಕೆಂಬುದೂ ಅಷ್ಟೇ ಮುಖ್ಯ. ಕಂಪೈಲ್ ಕೆಲಸವನ್ನು ನಡೆಸುವ ಆದೇಶಗಳಾದ ಜೆಸಿಎಲ್‌ನಲ್ಲಿ ಕೊಟ್ಟರೆ, ಬೇರೆ ಜೆಸಿಎಲ್‌ನಿಂದ ಕಂಪೈಲ್ ಮಾಡುವವರಿಗೆ ಅದು ಕಾಣುವುದಿಲ್ಲ. ಸೋರ್ಸ್‌ನ ಮೊದಲ ಸಾಲಿನಲ್ಲಿ ಸಿಬಿಎಲ್ ಎಂಬ ಆದೇಶದೊಡನೆ ಬರೆದರೆ ಪ್ರೋಗ್ರಾಮ್ ಹೋದಲ್ಲೆಲ್ಲ ಆಯ್ಕೆಯೂ ಹೋಗುತ್ತದೆ. ಆದರೂ ಯಂತ್ರದ ನಿರ್ವಾಹಕರು ಆಯ್ಕೆಯನ್ನು ಬದಲಿಸಲಾಗದಂತೆ ಬಿಗಿದಿಟ್ಟಿದ್ದರೆ ಆ ಸಾಲು ನಡೆಯದು. ಆದ್ದರಿಂದ ಜಾರಿಯಲ್ಲಿರುವ ಆಯ್ಕೆಗಳನ್ನು ಕಂಪೈಲರ್ ಕೊಡುವ ವರದಿಯಾದ ಲಿಸ್ಟಿಂಗ್‌ನಲ್ಲಿ ಓದುವುದನ್ನು ನಾನು ತಪ್ಪಿಸುವುದಿಲ್ಲ.

ಕೊನೆಗೆ ಆ ಫೀಲ್ಡನ್ನೇ ಕಾಂಪ್-5 ಎಂದು ಬದಲಿಸಿದೆ. ಟ್ರಂಕ್ ಏನೇ ಇರಲಿ ಅದು ಎರಡು ಬೈಟ್‌ಗಳ ಪೂರ್ಣ ಮೌಲ್ಯವನ್ನು ಹಿಡಿದಿಡುತ್ತದೆ. ಎಸ್9(9)ಕ್ಕೆ ಹಿಗ್ಗಿಸಿದ್ದರೆ ಫೀಲ್ಡ್ ನಾಲ್ಕು ಬೈಟ್‌ಗಳಾಗಿ, ಹಳೆಯ ಕಡತಗಳ ದಾಖಲೆಯ ವಿನ್ಯಾಸವೇ ಜರುಗುತ್ತಿತ್ತು. ಮೊತ್ತ 32,767ನ್ನು ದಾಟುವ ಸಂಭವವಿರುವಲ್ಲಿ ಮಾತ್ರ ಆ ಶ್ರಮವನ್ನು ಕೈಗೊಂಡೆ.