ಆರು ವರ್ಷ ಬಳಸಿದ ಮೇಲೆ: ಎಳೆದು ಉದ್ದ ಮಾಡುವ 5×3 ಅಡಿ ಡೈನಿಂಗ್ ಟೇಬಲ್

ಗಟ್ಟಿ ಮರದ ಟೇಬಲ್. ಮುಚ್ಚಿದಾಗ 60×36 ಇಂಚು, ಎತ್ತರ 30. ಹೊಟ್ಟೆಯೊಳಗೆ 18 ಇಂಚಿನ ಮಡಿಕೆ ಹಲಗೆಯೊಂದು ಅಡಗಿದೆ. ಎರಡೂ ತುದಿ ಹಿಡಿದು ಎಳೆದು ಅದನ್ನು ಬಿಡಿಸಿದರೆ ಉದ್ದ 78 ಇಂಚು. ಮಾರುವವರು ಹೇಳುವುದು ‘6ರಿಂದ 8 ಜನ’. ಇಟ್ಟಿರುವ ಕೋಣೆ 10×11 ಅಡಿ. ಆರು ಜನಕ್ಕೆ ತಕರಾರಿಲ್ಲ. ಎಂಟು ಎಂಬುದು ಟೇಬಲ್ಲಿನ ಮಟ್ಟಿಗೆ ನಿಜ, ಈ ಕೋಣೆಯ ಮಟ್ಟಿಗೆ ಸುಳ್ಳು.

ಒಬ್ಬರು ಮೊಣಕೈ ತಾಗಿಸಿಕೊಳ್ಳದೆ ಊಟ ಮಾಡಲು 24 ಇಂಚು ಅಗಲ ಬೇಕು. ಕುರ್ಚಿಯಲ್ಲಿ ಕೂತವರು ಟೇಬಲ್ಲಿನ ಅಂಚಿನಿಂದ ಹಿಂದಕ್ಕೆ ಸುಮಾರು 20 ಇಂಚು ಜಾಗ ಹಿಡಿಯುತ್ತಾರೆ. ಕುರ್ಚಿ ಸರಿಸಿ ಏಳಲು ಕನಿಷ್ಠ 30, ನಿರಾಳವಾಗಿ ಏಳಲು 36. ಕೂತವರ ಬೆನ್ನ ಹಿಂದೆ ಕೈಯಲ್ಲಿ ಪಾತ್ರೆ ಹಿಡಿದು ಇನ್ನೊಬ್ಬರು ಓಡಾಡಬೇಕಾದರೆ 42ರಿಂದ 44. ಇಷ್ಟು ಅಂಕಿ ಕೈಯಲ್ಲಿದ್ದರೆ ಕೋಣೆಯ ಉದ್ದಗಲ ಎರಡರಿಂದಲೂ 72 ಇಂಚು (ಆಚೆ 36, ಈಚೆ 36) ಕಳೆದುಬಿಡಿ. ಉಳಿದದ್ದೇ ಟೇಬಲ್ಲಿನ ಗರಿಷ್ಠ ಅಳತೆ. 10×11 ಅಡಿಯೆಂದರೆ 120×132 ಇಂಚು. ಕಳೆದರೆ 48×60. ಮುಚ್ಚಿದ ಟೇಬಲ್ ಸರಿಯಾಗಿ ಕೂರುತ್ತದೆ.

ಎಳೆದಾಗ ಕಥೆ ಬೇರೆ. 132ರಲ್ಲಿ 78 ಹೋದರೆ ಎರಡು ತುದಿಗೂ ತಲಾ 27 ಇಂಚು. ತುದಿಯಲ್ಲಿ ಕೂತವರು ಓರೆಯಾಗಿ ನುಸುಳಿಯೇ ಏಳಬೇಕು. ಟೇಬಲ್ಲನ್ನು 9 ಇಂಚು ಪಕ್ಕಕ್ಕೆ ಸರಿಸಿದರೆ ಒಂದು ತುದಿಗೆ 36 ಸಿಗುತ್ತದೆ, ಇನ್ನೊಂದಕ್ಕೆ 18. ಆ 18ರಲ್ಲಿ ಕುರ್ಚಿಯೇ ಹಿಡಿಸದು. ಆರು ವರ್ಷದಲ್ಲಿ ನಡೆಯುತ್ತಿರುವುದು ಈ ಎರಡನೆಯ ವ್ಯವಸ್ಥೆಯೇ: ಏಳು ಜನ.

ಅಳೆಯುವಾಗ ಟೇಪಿನ ತುದಿ ಗೋಡೆಗೆ ತಾಗಿಸುವುದು ಎಲ್ಲರೂ ಮಾಡುವ ತಪ್ಪು. ಗೋಡೆಯಿಂದ ಮುಂದಕ್ಕೆ ಚಾಚಿದ ಮೊದಲ ವಸ್ತುವಿನಿಂದ ಅಳೆಯಬೇಕು. ಇಲ್ಲಿ ಉದ್ದನೆಯ ಗೋಡೆಗೆ 16 ಇಂಚು ಆಳದ ಕಪಾಟಿದೆ. 120 ಇಂಚು ಅಗಲದಲ್ಲಿ ಕಪಾಟಿನ 16, ಟೇಬಲ್ಲಿನ 36 ಹೋದರೆ ಉಳಿಯುವುದು 68. ಅದನ್ನು ಸಮಪಾಲು ಮಾಡದೆ ಗೋಡೆ ಕಡೆ 30, ಕಪಾಟಿನ ಕಡೆ 38 ಎಂದು ಹಂಚಿದ್ದು ಒಳ್ಳೆಯದೇ ಆಯಿತು. ಆದರೂ ಕಪಾಟಿನ ಬಾಗಿಲು 18 ಇಂಚು ಅಗಲದ್ದು. ಆ ಬದಿ ಯಾರಾದರೂ ಕೂತಿದ್ದರೆ ಅವರ ಬೆನ್ನ ಹಿಂದೆ ಉಳಿಯುವುದೂ ಅಷ್ಟೇ. ಬಾಗಿಲು ತೆರೆದಾಗಲೆಲ್ಲ ಅದರ ಮೂಲೆ ಕುರ್ಚಿಯ ಬೆನ್ನಿಗೆ ಸವರುತ್ತದೆ, ಅಲ್ಲಿ ಪಾಲಿಶ್ ಎದ್ದುಹೋಗಿದೆ. ಟೇಬಲ್ ಪಕ್ಕದ ಕಪಾಟಿಗೆ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸಿದರೆ ಈ ರಗಳೆಯೇ ಇಲ್ಲ. ಫ್ರಿಜ್ಜಿನ ಬಾಗಿಲಿಗೂ ಇದೇ ಲೆಕ್ಕ.

ಅಗಲ 36 ಇಂಚು ಹದವಾಗಿದೆ. ಎದುರುಬದುರಿನ ತಟ್ಟೆ, ಲೋಟ ಎರಡೂ ಕಡೆ 14 ಇಂಚಿನಂತೆ ಹಿಡಿದರೂ ನಡುವೆ ಪಾತ್ರೆಗಳಿಗೆ 8 ಇಂಚು ಉಳಿಯುತ್ತದೆ. ಜಾಗ ಉಳಿಸಲೆಂದು 30 ಇಂಚಿನದು ತಂದರೆ ನಡುವೆ ನೀರಿನ ಜಗ್ಗಿಗೂ ಜಾಗವಿಲ್ಲ.

ಎಷ್ಟು ಕುರ್ಚಿ ಹಿಡಿಸುತ್ತದೆ ಎನ್ನುವುದನ್ನು ನಿಜವಾಗಿ ತೀರ್ಮಾನಿಸುವುದು ಕಾಲುಗಳ ನಡುವಿನ ಜಾಗ. ಇದರಲ್ಲಿ ಕಾಲಿನ ದಪ್ಪ 3 ಇಂಚು, ಅಂಚಿನಿಂದ ಒಂದೂವರೆ ಇಂಚು ಒಳಗೆ. ಹಾಗಾಗಿ 60 ಇಂಚಿನಲ್ಲಿ ಕೈಗೆ ಸಿಗುವುದು 51. ಕುರ್ಚಿ 18 ಇಂಚಿನದು. ಎರಡು ಆರಾಮವಾಗಿ ಒಳಹೋಗುತ್ತವೆ, ಮೂರು ಹೋಗವು. ಎಳೆದಾಗ ಕಾಲುಗಳೂ ಹಲಗೆಯ ಜೊತೆಗೇ ಸರಿಯುವುದರಿಂದ 69 ಇಂಚು ಸಿಗುತ್ತದೆ, ಆಗ ಮೂರು ಕುರ್ಚಿ ಸಲೀಸು. ಕಾಲು ನಿಂತಲ್ಲೇ ನಿಂತು ಹಲಗೆ ಮಾತ್ರ ಚಾಚುವ ಮಾದರಿಗಳೂ ಇವೆ. ಅವುಗಳಲ್ಲಿ ಎಷ್ಟೇ ಎಳೆದರೂ ಕಾಲುಗಳ ನಡುವೆ ಅದೇ 51 ಇಂಚು. ಮೂರನೆಯವರ ಮಂಡಿಗಳ ಮಧ್ಯೆ ಟೇಬಲ್ಲಿನ ಕಾಲು. ಕೊಳ್ಳುವ ಮೊದಲು ಎಳೆಸಿ ನೋಡಿ, ನಾಚಿಕೆ ಬೇಡ.

ಹಲಗೆಯ ಕೆಳಗಿನ ಅಡ್ಡಪಟ್ಟಿಯನ್ನು ಯಾರೂ ಅಳೆಯುವುದಿಲ್ಲ. ಇಲ್ಲಿ ಅದರ ತಳ ನೆಲದಿಂದ ಇಪ್ಪತ್ತೈದೂವರೆ ಇಂಚು. ಕುರ್ಚಿ 18 ಇಂಚು ಎತ್ತರವಿದ್ದರೆ ತೊಡೆಗೆ ಏಳೂವರೆ ಇಂಚು ಸಿಗುತ್ತದೆ, ಸಾಕು. ಮೇಲೆ 2 ಇಂಚಿನ ದಿಂಬು ಹಾಕಿದರೆ ತೊಡೆ ಪಟ್ಟಿಗೆ ಉಜ್ಜುತ್ತದೆ. ಕೈಯಿರುವ ಕುರ್ಚಿಗಳ ಕೈ 26 ಇಂಚಿಗೆ ಬಂದರೆ ಅರ್ಧ ಇಂಚಿನಲ್ಲಿ ಅಡ್ಡಪಟ್ಟಿಗೆ ಬಡಿಯುತ್ತದೆ. ಕುರ್ಚಿ ಒಳಗೆ ಹೋಗದೆ ಸದಾ ದಾರಿಯಲ್ಲೇ ನಿಲ್ಲುತ್ತದೆ.

ಕೋಣೆ ಚೌಕಾಕಾರವಾಗಿದ್ದರೆ ದುಂಡು ಟೇಬಲ್ ಯೋಚಿಸಬಹುದು. 48 ಇಂಚು ವ್ಯಾಸದ್ದು ನಾಲ್ವರಿಗೆ ಹಾಯಾಗಿ, ಆರು ಜನಕ್ಕೆ ಒತ್ತೊತ್ತಾಗಿ. 60 ಇಂಚಿನದರಲ್ಲಿ ನಡುವಿನ ಪಾತ್ರೆ ಕೈಗೆಟುಕದು.

ಇನ್ನು ಬಾಳಿಕೆ. ಕಾಲುಗಳ ಬೋಲ್ಟುಗಳು ಆರು ತಿಂಗಳಿಗೊಮ್ಮೆ ಕಾಲು ಸುತ್ತಿನಷ್ಟು ಸಡಿಲವಾಗುತ್ತವೆ. ಎತ್ತದೆ ನೆಲದ ಮೇಲೆ ಎಳೆದಾಡಿದರೆ ಕಾಲು ಸನ್ನೆಗೋಲಿನಂತೆ ಬೋಲ್ಟನ್ನು ಮೀಟುತ್ತದೆ, ಇನ್ನೂ ಬೇಗ ಸಡಿಲ. ಟೇಬಲ್ ಮಗುಚಿ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಹಾಕಿ ಬಿಗಿ ಮಾಡಲು ಹತ್ತು ನಿಮಿಷ ಸಾಕು. ಎಳೆಯುವಾಗ ಎರಡು ತುದಿಯಲ್ಲೂ ಒಬ್ಬೊಬ್ಬರು ಇರಬೇಕು. ಒಬ್ಬರೇ ಒಂದು ಮೂಲೆ ಹಿಡಿದು ಜಗ್ಗಿದರೆ ಜಾರುಪಟ್ಟಿ ಓರೆಯಾಗಿ ಕಚ್ಚಿಕೊಳ್ಳುತ್ತದೆ.

ಮರ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಹೊರಗಿನ ಹಲಗೆ ಒಂದಷ್ಟು ಉಬ್ಬಿ, ಒಳಗೆ ಮಡಚಿಟ್ಟದ್ದು ಇನ್ನೊಂದಷ್ಟು ಉಬ್ಬಿರುವುದರಿಂದ ಬಿಡಿಸಿದಾಗ ಅಂಚು ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಇದನ್ನು ದೋಷವೆನ್ನಲಾಗದು. ಬೇಸರದ ವಿಷಯ ಬಣ್ಣದ್ದು: ವರ್ಷಗಟ್ಟಲೆ ಬೆಳಕು ತಿಂದ ಹಲಗೆಯ ನಡುವೆ ಕತ್ತಲಲ್ಲಿದ್ದ ಹಲಗೆ ಹೊಸ ತೇಪೆಯಂತೆ ಎದ್ದು ಕಾಣುತ್ತದೆ. ಬಣ್ಣ ಬೇಗ ಬದಲಾಗುವುದು ಶುರುವಿನಲ್ಲೇ. ಟೇಬಲ್ ಮನೆಗೆ ಬಂದ ಮೊದಲ ಕೆಲವು ತಿಂಗಳು ಅದನ್ನು ಬಿಡಿಸಿಯೇ ಇಡಿ. ಮೇಲೆ ಬಟ್ಟೆ ಹಾಸುವ ಆತುರ ಬೇಡ, ಹೂದಾನಿಯನ್ನೂ ಒಂದೇ ಕಡೆ ಬಿಡಬೇಡಿ.